‘ಶ್ನಾಝ್’ ಅಂದ್ರೆ ಮೂಗು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಸಿನಿಮಾ, ಸೀರಿಯಲ್‌ಗಳ ಮಾತನ್ನು ಕನ್ನಡದ ಸಬ್‌ಟೈಟಲ್‌ಗೆ ತರುವುದು ನನ್ನ ಕೆಲಸ. ಅಮೆರಿಕದ ಹಾಸ್ಯದಲ್ಲಿ ಮತ್ತೆ ಮತ್ತೆ ಎದುರಾಗುವ ಪದಗಳಲ್ಲಿ ‘ಶ್ನಾಝ್’ ಒಂದು. ಅರ್ಥ ಸುಲಭ, ಮೂಗು ಅಷ್ಟೆ. ಆದರೆ ಅದು ಎಲ್ಲಿಂದ ಬಂತು, ಯಾರು ಯಾರಿಗೆ ಹೇಳಬಹುದು ಅನ್ನೋದು ಅಷ್ಟು ಸುಲಭವಲ್ಲ. ಗೆಳೆಯರು, ವಿದ್ಯಾರ್ಥಿಗಳು, ಹೊರದೇಶದಲ್ಲಿರುವ ಕನ್ನಡಿಗರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಶ್ನಾಝ್ ಅಂದ್ರೆ ನಿಖರವಾಗಿ ಏನು?

ಮೂಗು. ಅದರಲ್ಲೂ ದೊಡ್ಡ ಮೂಗು, ಎದ್ದು ಕಾಣುವ ಮೂಗು. ಇದು ಅಮೆರಿಕದ ಆಡುಮಾತಿನ ಪದ. ಡಾಕ್ಟರ್ ಹತ್ತಿರ ಹೋಗಿ ‘ನನ್ನ ಶ್ನಾಝ್ ಕಟ್ಟಿಕೊಂಡಿದೆ’ ಅಂದರೆ ಅವರು ಮೊದಲು ನಕ್ಕು ಆಮೇಲೆ ಪರೀಕ್ಷೆ ಮಾಡುತ್ತಾರೆ. ಅಂದರೆ ಪದದ ಒಳಗೇ ನಗು ಇದೆ. ಸಣ್ಣ, ಚಂದದ ಮೂಗಿಗೆ ಇದನ್ನು ಹೇಳುವುದು ಕಡಿಮೆ. ಪುಟ್ಟ ಮಗುವಿನ ಮೂಗು ಹಿಡಿದು ಮುದ್ದಿಗೆ ಹೇಳಿದರೆ ಮಾತ್ರ ಬೇರೆ ಮಾತು.

ಹೇಗೆ ಹೇಳಬೇಕು? ಸ್ಪೆಲಿಂಗ್ ಏನು?

ಎಸ್, ಸಿ, ಎಚ್, ಎನ್, ಓ, ಝಡ್. ಕೊನೆಗೆ ಒಂದು ಝಡ್ ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ. ಎರಡೂ ನಡೆಯುತ್ತದೆ.

ಬಾಯಲ್ಲಿ ಹೇಳುವುದು ನಮಗೆ ಕಷ್ಟ ಅಲ್ಲವೇ ಅಲ್ಲ. ‘ಪ್ರಶ್ನೆ’ ಅನ್ನಿ. ಅದರಲ್ಲಿ ‘ಪ್ರ’ ಬಿಟ್ಟು ‘ಶ್ನೆ’ ಉಳಿಸಿಕೊಳ್ಳಿ. ಅದೇ ಶ್ನ. ಅದಕ್ಕೆ ಆ ಸೇರಿಸಿ, ಕೊನೆಗೆ ನಾಲಿಗೆ ತುದಿಯಲ್ಲಿ ಜೇನು ಗುಂಯ್‌ಗುಟ್ಟುವ ಹಾಗೆ ಝ್ ಎಳೆಯಿರಿ. ನಮ್ಮ ಝಳ, ಝರಿಯ ಝ ಅಲ್ಲ ಇದು. ಝೂ ಅನ್ನುವಾಗ ಬರುತ್ತದಲ್ಲ, ಆ ಸದ್ದು. ಮಧ್ಯೆ ಇ ತೂರಿಸಿ ‘ಶಿನಾಜು’ ಮಾಡಬೇಡಿ.

ಈ ಪದ ಹುಟ್ಟಿದ್ದು ಎಲ್ಲಿ?

ನ್ಯೂಯಾರ್ಕ್‌ನ ಬೀದಿಯಲ್ಲಿ ಬೆಳೆದದ್ದು. ಆದರೆ ಬೇರು ಯುರೋಪಿನಲ್ಲಿದೆ.

ಯಿಡ್ಡಿಶ್ ಭಾಷೆಯಲ್ಲಿ ಪ್ರಾಣಿಯ ಮೂತಿಗೆ ‘ಶ್ನೊಯ್ಟ್ಸ್’ ಅನ್ನುತ್ತಾರೆ. ಅದನ್ನೇ ಮುದ್ದು ಮಾಡಿ ಚಿಕ್ಕದಾಗಿಸಿದರೆ ‘ಶ್ನೊಯ್ಟ್ಸಲ್’. ಪುಟ್ಟ ಮೂತಿ ಅಂತ. ಜರ್ಮನ್ ಭಾಷೆಯ ‘ಶ್ನೌಟ್ಸ’ ಇದರ ಒಡಹುಟ್ಟು. ಅದಕ್ಕೂ ಮೂತಿ ಅಂತಲೇ ಅರ್ಥ. ಮುಖದ ತುಂಬ ಗಡ್ಡ ಮೀಸೆ ಇರುವ ಶ್ನೌಝರ್ ನಾಯಿಯನ್ನು ನೋಡಿದ್ದೀರಲ್ಲ? ಅದರ ಹೆಸರು ಬಂದದ್ದೂ ಇದರಿಂದಲೇ.

1880ರ ದಶಕದಿಂದ 1924ರವರೆಗೆ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದರು. 1924ರಲ್ಲಿ ಅಮೆರಿಕ ವಲಸೆ ಕಾನೂನು ಬಿಗಿ ಮಾಡಿ ಬಾಗಿಲು ಹಾಕಿತು. ಬಂದವರಲ್ಲಿ ತುಂಬಾ ಜನ ಇಳಿದುಕೊಂಡದ್ದು ನ್ಯೂಯಾರ್ಕ್‌ನ ಲೋಯರ್ ಈಸ್ಟ್ ಸೈಡ್‌ನಲ್ಲಿ. ಇಕ್ಕಟ್ಟಾದ ವಠಾರಗಳು, ಹೊಲಿಗೆ ಕೆಲಸ, ತಳ್ಳುಗಾಡಿಗಳು. ಅಕ್ಕಪಕ್ಕದಲ್ಲೇ ಇಟಲಿಯವರು, ಐರಿಷ್‌ನವರು. ಮಕ್ಕಳು ಒಂದೇ ಬೀದಿಯಲ್ಲಿ ಆಡಿದರು, ಒಬ್ಬರ ಬೈಗುಳ ಇನ್ನೊಬ್ಬರು ಕಲಿತರು. ಆಮೇಲೆ ಅದೇ ಮಕ್ಕಳು ನಾಟಕ, ರೇಡಿಯೋ, ಸಿನಿಮಾಕ್ಕೆ ಹೋದರು. ಮನೆಯ ಮಾತು ವೇದಿಕೆ ಹತ್ತಿತು.

ಇಂಗ್ಲಿಷ್‌ನಲ್ಲಿ ಮೊದಲು ಓಡಾಡಿದ್ದು ‘ಶ್ನಾಝಲ್’. ಅದು 1930ರ ಸುಮಾರಿಗೆ ಅಚ್ಚಿನಲ್ಲಿ ಕಾಣುತ್ತದೆ. ಬಾಲ ಕತ್ತರಿಸಿದ ‘ಶ್ನಾಝ್’ ರೂಢಿಗೆ ಬಂದದ್ದು ಆಮೇಲೆ, 1940ರ ದಶಕದ ಹೊತ್ತಿಗೆ.

ಯಿಡ್ಡಿಶ್ ಅಂದ್ರೆ ಹೀಬ್ರೂನೇ ಅಲ್ವಾ?

ಅಲ್ಲ. ಬರೆಯುವುದು ಹೀಬ್ರೂ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಭಾಷೆ ಮಾತ್ರ ಜರ್ಮನ್ ಕುಟುಂಬದ್ದು. ಅದರಲ್ಲಿ ಹೀಬ್ರೂ, ಪೋಲಿಷ್, ರಷ್ಯನ್ ಕಡೆಯ ಪದಗಳೂ ಧಾರಾಳವಾಗಿ ಸೇರಿಕೊಂಡಿವೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಒಂದು ಕೋಟಿಗೂ ಹೆಚ್ಚು ಜನ ಅದನ್ನು ಆಡುತ್ತಿದ್ದರು. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಹೆಚ್ಚಿನವರ ಮನೆಮಾತು ಇದೇ ಆಗಿತ್ತು. ಹಾಗಾಗಿ ಒಂದು ಭಾಷೆಯ ಮನೆಗಳೇ ಖಾಲಿಯಾದವು. ಆದರೂ ಅದು ಸಾಯಲಿಲ್ಲ. ಐಸಾಕ್ ಬಾಷೆವಿಸ್ ಸಿಂಗರ್ ಜೀವಮಾನವೆಲ್ಲ ಯಿಡ್ಡಿಶ್‌ನಲ್ಲೇ ಕತೆ ಬರೆದು 1978ರಲ್ಲಿ ನೊಬೆಲ್ ಪಡೆದರು.

ನಮ್ಮ ದೇಶದ ಯಹೂದಿಗಳದ್ದು ಈ ಭಾಷೆಯಲ್ಲ. ಕೊಚ್ಚಿಯವರದು ಮಲಯಾಳಂ, ಕೊಂಕಣ ತೀರದ ಬೆನೆ ಇಸ್ರೇಲ್ ಸಮುದಾಯದವರದು ಮರಾಠಿ.

ಹಾಗಂತ ಯಿಡ್ಡಿಶ್ ನಮಗೆ ತೀರಾ ದೂರವೂ ಅಲ್ಲ. ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೆ ಹೋದರೂ ದಿನಕ್ಕೊಮ್ಮೆ ‘ಗ್ಲಿಚ್’ ಅನ್ನುವುದು ಕಿವಿಗೆ ಬೀಳುತ್ತದೆ. ಜಾರುವುದು, ಕಾಲು ಜಾರುವ ಜಾಗ ಅನ್ನುವ ಅರ್ಥದ ಯಿಡ್ಡಿಶ್ ಪದದಿಂದಲೇ ಅದು ಬಂದಿರಬೇಕು ಅಂತ ಬಲ್ಲವರ ಅಂದಾಜು. ಅಮೆರಿಕದ ರೇಡಿಯೋ ಕೆಲಸಗಾರರ ಬಾಯಿಂದ ಬಾಹ್ಯಾಕಾಶದವರ ಬಾಯಿಗೆ ಹೋಗಿ, 1960ರ ದಶಕದಲ್ಲಿ ಎಲ್ಲರಿಗೂ ಗೊತ್ತಾಯಿತು.

ಇನ್ನೊಂದು ಹೇಳಲೇಬೇಕು. ನಾವು ‘ಊಟ ಗೀಟ’, ‘ಮೂಗು ಗೀಗು’ ಅನ್ನುತ್ತೇವಲ್ಲ? ಯಿಡ್ಡಿಶ್‌ನವರಿಗೂ ಈ ಚಾಳಿ ಇದೆ. ನಮ್ಮ ‘ಗೀ’ ಇರುವಲ್ಲಿ ಅವರು ‘ಶ್ಮ’ ಇಡುತ್ತಾರೆ. ಇಂಗ್ಲಿಷ್‌ಗೂ ಅದನ್ನು ಕೊಟ್ಟರು: ‘ಫ್ಯಾನ್ಸಿ ಶ್ಮ್ಯಾನ್ಸಿ’. ಒಂದು ವ್ಯತ್ಯಾಸವಿದೆ. ನಮ್ಮ ಗೀಗುಗೆ ‘ಅದೂ, ಅಂಥದ್ದೂ’ ಅಂತ ಅರ್ಥ. ಅವರ ಶ್ಮ ಬಂದರೆ ‘ಅದೇನು ಮಹಾ’ ಅಂತ ತಳ್ಳಿಹಾಕಿದ ಹಾಗೆ.

ಇದನ್ನು ಮನೆಮಾತು ಮಾಡಿದ್ದು ಯಾರು?

ಜಿಮ್ಮಿ ಡುರಾಂಟೆ. ನನಗೆ ಈ ಪದದ ಮೇಲೆ ಇಷ್ಟೊಂದು ಪ್ರೀತಿ ಬರಲು ಕಾರಣವೂ ಅವನೇ.

ಹುಟ್ಟಿದ್ದು 1893ರ ಫೆಬ್ರವರಿ 10ರಂದು, ಅದೇ ಲೋಯರ್ ಈಸ್ಟ್ ಸೈಡ್‌ನಲ್ಲಿ. ಯಹೂದಿ ಅಲ್ಲ. ಇಟಲಿಯಿಂದ ಬಂದ ಕ್ಯಾಥೊಲಿಕ್ ಕುಟುಂಬ. ಅಪ್ಪ ಕ್ಷೌರಿಕ. ಹುಡುಗ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಹೋಟೆಲು, ಕ್ಲಬ್ಬುಗಳಲ್ಲಿ ಪಿಯಾನೋ ಬಾರಿಸಿ ಹೊಟ್ಟೆ ಹೊರೆದ. 1920ರ ದಶಕದಲ್ಲಿ ಲೂ ಕ್ಲೇಟನ್, ಎಡ್ಡಿ ಜಾಕ್ಸನ್ ಜೊತೆ ಸೇರಿ ಮೂವರ ತಂಡ ಕಟ್ಟಿದ. ಹಾಡು, ಕುಣಿತ, ಪಿಯಾನೋ ಒಡೆದು ಹಾಕುವಂಥ ಗಲಾಟೆ. ಗೊಗ್ಗರು ದನಿ, ತಪ್ಪು ತಪ್ಪು ಇಂಗ್ಲಿಷ್, ಮುಖದ ಮಧ್ಯೆ ಆ ಮೂಗು. ಜನ ಅವನನ್ನು ‘ಶ್ನಾಝೋಲಾ’ ಅಂದರು. ಶ್ನಾಝಲ್‌ಗೆ ಇಟಲಿಯ ರಾಗದ ‘ಓಲಾ’ ಅಂಟಿಸಿದ್ದು. ಇಟಲಿಯ ಮನೆಯ ಮಗನಿಗೆ ಯಿಡ್ಡಿಶ್ ಹೆಸರು, ಅದಕ್ಕೆ ಮತ್ತೆ ಇಟಲಿಯ ಬಾಲ. ಆ ಬೀದಿಯ ಇಡೀ ಚರಿತ್ರೆ ಆ ಒಂದು ಅಡ್ಡಹೆಸರಿನಲ್ಲಿದೆ ಅಂತ ನನಗೆ ಅನಿಸುತ್ತದೆ.

ಚಿಕ್ಕಂದಿನಲ್ಲಿ ಅವನ ಮೂಗು ನೋಡಿ ಬೀದಿಯ ಹುಡುಗರು ಆಡಿಕೊಳ್ಳುತ್ತಿದ್ದರು. ಅದು ಅವನಿಗೆ ತುಂಬಾ ನೋವು ಕೊಟ್ಟಿತ್ತು. ದೊಡ್ಡವನಾದ ಮೇಲೆ ಅದೇ ಮೂಗನ್ನು ಮುಂದಿಟ್ಟುಕೊಂಡು ದೇಶವನ್ನೇ ನಗಿಸಿದ. ನಗಿಸಿದ್ದು ತನ್ನ ಮೂಗಿನ ಮೇಲೆಯೇ.

ಹಾಲಿವುಡ್‌ನ ಚೈನೀಸ್ ಥಿಯೇಟರ್ ಮುಂದೆ ನಟನಟಿಯರು ಹಸಿ ಸಿಮೆಂಟಿನಲ್ಲಿ ಕೈ ಕಾಲು ಒತ್ತಿ ಗುರುತು ಬಿಡುವ ಪದ್ಧತಿ ಇದೆ. 1945ರಲ್ಲಿ ಡುರಾಂಟೆಯ ಸರದಿ ಬಂತು. ಅವನು ಮೊಣಕಾಲೂರಿ ಬಗ್ಗಿ ಮೂಗನ್ನೂ ಒತ್ತಿದ. ಅಂಗೈ ಅಚ್ಚಿನ ಜೊತೆ ಆ ಮೂಗಿನ ಗುಳಿಯೂ ಆ ಚಪ್ಪಡಿಯಲ್ಲಿದೆ. ಆ ಕಾಲದ ಕಾರ್ಟೂನ್ ಚಿತ್ರಗಳಲ್ಲೂ ಅವನ ಮೂಗು, ಅವನ ದನಿ ಬೇಕಾದಷ್ಟು ಸಲ ಬರುತ್ತದೆ. ನಿಮಗೆ ಹೆಸರು ಗೊತ್ತಿಲ್ಲದಿದ್ದರೂ ಅವನನ್ನು ಎಲ್ಲೋ ನೋಡಿರುತ್ತೀರಿ. ತೀರಿಕೊಂಡದ್ದು 1980ರ ಜನವರಿಯಲ್ಲಿ, 86ನೇ ವಯಸ್ಸಿನಲ್ಲಿ.

ಶ್ನಾಝಲ್‌ಗೂ ಔಷಧಿ ಹೊಡೆಯುವ ಪಂಪಿನ ನಾಝಲ್‌ಗೂ ಏನಾದರೂ ಸಂಬಂಧ ಇದೆಯಾ?

ಇದೆ, ಸ್ವಲ್ಪ ಸುತ್ತುಬಳಸಿನದು. ‘ನಾಝಲ್’ ಅನ್ನುವುದು ಇಂಗ್ಲಿಷ್‌ನ ‘ನೋಸ್’ಗೆ ಚಿಕ್ಕದು ಅನ್ನುವ ಪ್ರತ್ಯಯ ಹಚ್ಚಿ ಮಾಡಿದ ಪದ. ಅಂದರೆ ‘ಪುಟ್ಟ ಮೂಗು’. ಅಡಿಕೆಗೆ ಬೋರ್ಡೋ ಹೊಡೆಯುವಾಗ, ದಾಳಿಂಬೆಗೆ ಔಷಧಿ ಹೊಡೆಯುವಾಗ ಕಸ ಸಿಕ್ಕಿ ಕಟ್ಟಿಕೊಳ್ಳುತ್ತದಲ್ಲ, ಬಿಚ್ಚಿ ಊದಿ ಮತ್ತೆ ಹಾಕುತ್ತೀರಲ್ಲ, ಅದರ ಹೆಸರೇ ಮೂಗು. ನೆಗಡಿಯೂ ಅದಕ್ಕೇ ಬರುತ್ತದೆ ಅನ್ನಬಹುದು.

ಯಿಡ್ಡಿಶ್‌ನ ಶ್ನೊಯ್ಟ್ಸಲ್ ಅಮೆರಿಕಕ್ಕೆ ಬಂದಾಗ ಅಲ್ಲಿನ ಇಂಗ್ಲಿಷ್‌ನಲ್ಲಿ ಮೂಗಿಗೆ ತಮಾಷೆಯಾಗಿ ನಾಝಲ್ ಅನ್ನುವ ರೂಢಿ ಆಗಲೇ ಇತ್ತು. ಎರಡೂ ಒಂದಕ್ಕೊಂದು ತಾಗಿ ಶ್ನಾಝಲ್ ಆಯಿತು ಅನ್ನುವುದು ನಂಬುವ ಮಾತು. ಬೇರು ಬೇರೆ, ಮೈಗೆ ಮೈ ಒರಸಿಕೊಂಡು ಬೆಳೆದವು.

ಇಂಗ್ಲಿಷ್‌ನಲ್ಲಿ ಮೂಗಿನ ಪದಗಳೆಲ್ಲ ‘ಸ್ನ’ದಿಂದಲೇ ಶುರುವಾಗುತ್ತವೆ ಅಲ್ವಾ? ಯಾಕೆ?

ಈ ಪ್ರಶ್ನೆ ಕೇಳಿದವರ ಕಿವಿ ಚುರುಕಾಗಿದೆ. ಪಟ್ಟಿ ನೋಡಿ: ಸ್ನೌಟ್ ಅಂದರೆ ಮೂತಿ, ಸ್ನಾಟ್ ಅಂದರೆ ಸಿಂಬಳ, ಸ್ನೋರ್ ಅಂದರೆ ಗೊರಕೆ, ಸ್ನಿಫ್ ಅಂದರೆ ಮೂಸು, ಸ್ನಾರ್ಟ್ ಅಂದರೆ ಮೂಗಿನಿಂದ ಬುಸ್ ಅನ್ನು, ಸ್ನಫ್ ಅಂದರೆ ನಶ್ಯ, ಸ್ನೀಝ್ ಅಂದರೆ ಸೀನು. ಇವೆಲ್ಲ ಒಂದೇ ಬೇರಿನಿಂದ ಬಂದವಲ್ಲ. ಆದರೆ ಜರ್ಮನ್ ಕುಟುಂಬದ ಭಾಷೆ ಆಡುವವರ ಕಿವಿಯಲ್ಲಿ ‘ಸ್ನ’ ಅಂದರೆ ಮೂಗಿನ ಸುದ್ದಿ ಅನ್ನುವ ನಂಟು ಗಟ್ಟಿಯಾಗಿ ಕೂತುಬಿಟ್ಟಿದೆ. ಸದ್ದೂ ಹಾಗೇ ಇದೆ. ‘ಸ್’ ಅನ್ನುವಾಗ ಗಾಳಿ ಬಾಯಿಂದ ಬರುತ್ತದೆ, ‘ನ್’ ಅಂದ ಕೂಡಲೇ ಮೂಗಿಗೆ ತಿರುಗುತ್ತದೆ. ಮೂಗು ಬಿಗಿ ಹಿಡಿದುಕೊಂಡು ‘ನ್’ ಹೇಳಿ ನೋಡಿ, ಆಗುವುದಿಲ್ಲ.

ಇದರಲ್ಲಿ ಸ್ನೀಝ್‌ನ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಹಳೆ ಇಂಗ್ಲಿಷ್‌ನಲ್ಲಿ ಸೀನುವುದಕ್ಕೆ ಇದ್ದ ಪದ ‘ಫ್ನ’ದಿಂದ ಶುರುವಾಗುತ್ತಿತ್ತು, ‘ಫ್ನೇಯೊಸಾನ್’ ಅಂತ. ಬರಬರುತ್ತಾ ಇಂಗ್ಲಿಷ್‌ನಲ್ಲಿ ಫ್ನ ಅನ್ನುವ ಜೋಡಿಯೇ ಅಳಿಯಿತು. ಹಳೆಯ ಕೈಬರಹದಲ್ಲಿ ಎಫ್ ಅಕ್ಷರವೂ ಆಗಿನ ಉದ್ದ ಎಸ್ ಅಕ್ಷರವೂ ನೋಡಲು ಒಂದೇ ಥರ. ಓದುವವರು ಫ್ನ ಇದ್ದಲ್ಲಿ ಸ್ನ ಓದಿದರು. ಮೂಗಿನ ಉಳಿದ ಪದಗಳೆಲ್ಲ ಸ್ನ ಇದ್ದುದರಿಂದ ಯಾರಿಗೂ ಅದು ತಪ್ಪು ಅನಿಸಲೇ ಇಲ್ಲ. ಪದ ತನ್ನ ಬಳಗ ಸೇರಿಕೊಂಡಿತು.

ಸ್ನೋರ್ಕಲ್ ಕೂಡ ಈ ಬಳಗದ್ದೇ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋದವರು ಬಾಯಿಗೆ ಕಚ್ಚಿಕೊಂಡು ನೀರಿನೊಳಗೆ ಮೀನು ನೋಡುವ ಕೊಳವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ನೀರಿನಡಿಯಿಂದಲೇ ಗಾಳಿ ಎಳೆದುಕೊಳ್ಳಲು ಒಂದು ಕೊಳವೆ ಮೇಲೆತ್ತುತ್ತಿದ್ದವು. ಅದಕ್ಕೆ ನಾವಿಕರು ಇಟ್ಟ ಅಡ್ಡಹೆಸರು ‘ಶ್ನೋರ್ಶಲ್’, ಅಂದರೆ ಮೂಗು. ಗೊರಕೆಗೆ ಜರ್ಮನ್‌ನಲ್ಲಿ ಇರುವ ಪದಕ್ಕೂ ಅದಕ್ಕೂ ನೆಂಟಸ್ತನ.

ಸ್ನೇಕ್, ಸ್ನೋ ಇವುಗಳಿಗೆ ಮೂಗಿನ ಗೊಡವೆ ಇಲ್ಲ. ಹಾಗಾಗಿ ಇದು ನಿಯಮವಲ್ಲ, ಒಲವು.

ಜರ್ಮನಿಯಲ್ಲಿದ್ದೇನೆ. ಅಲ್ಲಿ ಶ್ನಾಝ್ ಅಂದರೆ ಅರ್ಥವಾಗುತ್ತದಾ?

ಹೇಳದೇ ಇರುವುದು ಒಳ್ಳೆಯದು. ಅವರ ಕಿವಿಗೆ ಅದು ‘ಶ್ನೌಟ್ಸ’ ಅಂತ ಕೇಳಬಹುದು. ಮನುಷ್ಯರಿಗೆ ಹೇಳಿದರೆ ಅದು ಮೂಗಲ್ಲ, ಬಾಯಿ. ಅದೂ ಒರಟಾಗಿ. ‘ಹಾಲ್ಟ್ ಡೀ ಶ್ನೌಟ್ಸ’ ಅಂದರೆ ‘ಮುಚ್ಚೋ ಬಾಯಿ’. ಬರ್ಲಿನ್‌ನವರ ನೇರ, ಒರಟು ಮಾತಿಗೆ ‘ಬರ್ಲೀನರ್ ಶ್ನೌಟ್ಸ’ ಅಂತ ಹೆಸರೇ ಇದೆ. ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಇದು ಯಹೂದಿಗಳನ್ನು ಹೀಯಾಳಿಸುವ ಪದವಾ?

ಪದವಾಗಿ ಅಲ್ಲ. ಯಾರ ಮೂಗಿಗೆ ಬೇಕಾದರೂ ಹೇಳುತ್ತಾರೆ. ಯಹೂದಿಗಳೇ ತಮ್ಮ ಮನೆಯೊಳಗೆ, ತಮ್ಮ ಹಾಸ್ಯದಲ್ಲಿ ಧಾರಾಳವಾಗಿ ಬಳಸುತ್ತಾರೆ. ಆದರೆ ಹೊರಗಿನವರು ಒಬ್ಬ ಯಹೂದಿಯ ಮುಖ ನೋಡಿ ಹೇಳಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಯಾಕೆ ಅಂತ ತಿಳಿದಿರಬೇಕು.

ಯಹೂದಿಗಳಿಗೆ ಕೊಕ್ಕೆಯಂಥ ಮೂಗು ಅನ್ನುವುದು ಯುರೋಪಿನವರು ಹುಟ್ಟಿಸಿದ ಕತೆ. ಅಲ್ಲಿನ ಚಿತ್ರಗಳಲ್ಲಿ ಈ ಮೂಗು ಗುರುತಾಗಿ ನಿಂತದ್ದು 13ನೇ ಶತಮಾನದ ಹೊತ್ತಿಗೆ. ಅದಕ್ಕೂ ಹಿಂದಿನ ಚಿತ್ರಗಳಲ್ಲಿ ಯಹೂದಿಯನ್ನು ತೋರಿಸಲು ಟೋಪಿ, ಗಡ್ಡ ಬಳಸುತ್ತಿದ್ದರು, ಮೂಗನ್ನಲ್ಲ. 1911ರಲ್ಲಿ ಮಾರಿಸ್ ಫಿಶ್‌ಬರ್ಗ್ ಅನ್ನುವ ವೈದ್ಯ ನ್ಯೂಯಾರ್ಕ್‌ನ ಸಾವಿರಾರು ಯಹೂದಿಗಳ ಮೂಗು ಪರೀಕ್ಷಿಸಿದ ಲೆಕ್ಕ ಕೊಟ್ಟ. ಕೊಕ್ಕೆ ಮೂಗು ಕಂಡದ್ದು ನೂರಕ್ಕೆ ಸುಮಾರು 14 ಜನರಲ್ಲಿ. ಹೆಚ್ಚಿನವರದು ನೇರ ಮೂಗು.

ಲೆಕ್ಕ ಯಾರಿಗೆ ಬೇಕಿತ್ತು? ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಜೂಲಿಯಸ್ ಸ್ಟ್ರೈಶರ್ 1923ರಿಂದ ಒಂದು ವಾರಪತ್ರಿಕೆ ನಡೆಸಿದ. ಅದರ ವ್ಯಂಗ್ಯಚಿತ್ರಗಳ ತುಂಬ ಆ ಮೂಗೇ. 1938ರಲ್ಲಿ ಅವನ ಪ್ರಕಾಶನ ಮಕ್ಕಳಿಗಾಗಿ ತಂದ ಪುಸ್ತಕದಲ್ಲಿ ಒಂದು ತರಗತಿಯ ಚಿತ್ರವಿದೆ. ಹುಡುಗನೊಬ್ಬ ಬೋರ್ಡಿನ ಮುಂದೆ ನಿಂತು ಯಹೂದಿ ಮೂಗು 6ರ ಅಂಕಿಯ ಹಾಗಿರುತ್ತದೆ ಅಂತ ಪಾಠ ಒಪ್ಪಿಸುತ್ತಾನೆ. ಮಕ್ಕಳಿಗೆ ಇದನ್ನು ಕಲಿಸಿದರು. ಮೂಗು ನೋಡಿ ಮನುಷ್ಯನನ್ನು ಬೇರೆ ಮಾಡುವುದನ್ನು ಕಲಿಸಿದರು. ಆಮೇಲೆ ಆದದ್ದು ಜಗತ್ತಿಗೇ ಗೊತ್ತಿದೆ. ಸ್ಟ್ರೈಶರ್‌ನನ್ನು ಯುದ್ಧದ ನಂತರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ತಪ್ಪಿತಸ್ಥ ಅಂತ ತೀರ್ಮಾನಿಸಿ 1946ರಲ್ಲಿ ಗಲ್ಲಿಗೇರಿಸಿದರು.

ಇದೆಲ್ಲ ದೂರದ ಕತೆ ಅಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನಲ್ಲಿ ಓದಲು, ದುಡಿಯಲು ಬಂದ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರ ಮೂಗು, ಕಣ್ಣು ನೋಡಿ ಬೀದಿಯಲ್ಲಿ ಏನೇನು ಕೂಗುತ್ತಾರೆ ಅಂತ ಅವರನ್ನೇ ಕೇಳಿ. ದೆಹಲಿ, ಬೆಂಗಳೂರಿನಂಥ ನಗರಗಳಲ್ಲಿ ಅವರು ಪಡುವ ಪಾಡನ್ನು ತಿಳಿಯಲು ಕೇಂದ್ರ ಸರ್ಕಾರ 2014ರಲ್ಲಿ ಬೆಜ್‌ಬರುವಾ ಸಮಿತಿಯನ್ನೇ ಮಾಡಬೇಕಾಯಿತು. ಹಾಗೆ ಕೂಗುವವರು ‘ಸುಮ್ನೆ ತಮಾಷೆಗೆ’ ಅನ್ನುತ್ತಾರೆ. ಕೇಳಿಸಿಕೊಂಡವರಿಗೆ ಅದು ಯಾವತ್ತೂ ಸುಮ್ನೆ ಅಲ್ಲ.

‘ನೋಸ್ ಜಾಬ್’ ಅಂತಾರಲ್ಲ, ಅದೂ ಇದೇ ಜಗತ್ತಿನದಾ?

ಹೌದು. ಅಮೆರಿಕದಲ್ಲಿ ಮೂಗು ತಿದ್ದಿಸಿಕೊಳ್ಳುವ ಆಪರೇಶನ್‌ಗೆ ಆಡುಮಾತಿನಲ್ಲಿ ನೋಸ್ ಜಾಬ್ ಅನ್ನುತ್ತಾರೆ. ‘ಯಹೂದಿ ಮೂಗು’ ಅನ್ನುವ ಹಣೆಪಟ್ಟಿ ಕಳಚಿಕೊಳ್ಳಲು ಅದನ್ನು ಮಾಡಿಸಿಕೊಂಡವರು ಬಹಳ. ಹಾಸ್ಯ ನಟಿ ಫ್ಯಾನಿ ಬ್ರೈಸ್ 1923ರಲ್ಲೇ ಮಾಡಿಸಿಕೊಂಡಳು. ಬಾರ್ಬ್ರಾ ಸ್ಟ್ರೈಸಾಂಡ್ ಒಪ್ಪಲಿಲ್ಲ, ಹುಟ್ಟಿದ ಮೂಗಿನಲ್ಲೇ ಗೆದ್ದಳು. ಮುಂದೆ ಫ್ಯಾನಿ ಬ್ರೈಸ್ ಪಾತ್ರ ಮಾಡಿ ಹೆಸರಾದವಳು ಅದೇ ಸ್ಟ್ರೈಸಾಂಡ್.

ಆದರೆ ಈ ಆಪರೇಶನ್ ಯುರೋಪಿಗೆ ಹೋದ ದಾರಿ ನಮ್ಮ ಶ್ರೀರಂಗಪಟ್ಟಣದ ಹತ್ತಿರದಿಂದ ಶುರುವಾಗುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೂರನೇ ಮೈಸೂರು ಯುದ್ಧದ ಹೊತ್ತು. ಕಾವಸ್‌ಜಿ ಅನ್ನುವ ಮರಾಠ ರೈತ ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದ. 1792ರಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಬಿದ್ದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಮೂಗಿಲ್ಲದೇ ಇದ್ದ. ಆಮೇಲೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ.

ಹೇಗೆ ಅಂದರೆ, ಮೊದಲು ತೆಳುವಾದ ಮೇಣದ ಹಾಳೆಯನ್ನು ಮೊಂಡು ಮೂಗಿನ ಮೇಲೆ ಕೂರಿಸಿ ಮೂಗಿನ ಆಕಾರ ತೆಗೆದ. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯ ಉದ್ದಕ್ಕೂ ಹಣೆಯ ಚರ್ಮ ಬಿಡಿಸಿದ. ಎರಡು ಕಣ್ಣಿನ ಮಧ್ಯೆ ಮಾತ್ರ ಒಂದು ಸಣ್ಣ ಪಟ್ಟಿ ಅಂಟಿಕೊಂಡೇ ಇರಲು ಬಿಟ್ಟ. ರಕ್ತ ಹರಿಯುತ್ತಾ ಆ ಚರ್ಮ ಜೀವಂತ ಇರಲಿ ಅಂತ. ಮೂಗಿನ ಜಾಗದ ಅಂಚನ್ನು ಕೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ತಿರುಗಿಸಿ ಅಲ್ಲಿ ಕೂರಿಸಿದ. ಕಾಚಿನ ನೀರಿನಲ್ಲಿ ನೆನೆಸಿದ ಬಟ್ಟೆಯ ಪಟ್ಟಿ ಹೊದಿಸಿದ. ಹೊಳ್ಳೆ ಮುಚ್ಚಿಹೋಗದಿರಲಿ ಅಂತ ಒಳಗೆ ಮೆದು ಬಟ್ಟೆ ತುರುಕಿದ. ಸುಮಾರು 25 ದಿನದ ನಂತರ ಕಣ್ಣಿನ ಮಧ್ಯದ ಆ ಪಟ್ಟಿಯನ್ನು ಕತ್ತರಿಸಿದ. ಮೂಗು ನಿಂತಿತು.

ಇದು 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಒಂದು ಮಾಸಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಅನ್ನುವ ಸರ್ಜನ್ ವರ್ಷಗಟ್ಟಲೆ ಹೆಣಗಳ ಮೇಲೆ ಕೈ ಪಳಗಿಸಿಕೊಂಡು 1814ರಲ್ಲಿ ಲಂಡನ್‌ನಲ್ಲಿ ಈ ಆಪರೇಶನ್ ಮಾಡಿದ. 1816ರಲ್ಲಿ ಅದರ ಬಗ್ಗೆ ಪುಸ್ತಕ ತಂದ. ಅಲ್ಲಿಂದ ಯುರೋಪಿನ ಡಾಕ್ಟರುಗಳಿಗೆ ದಾರಿ ತೆರೆಯಿತು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಬರೆದಿದೆ. ಆದರೆ ಲಂಡನ್ನಿಗೆ ತಲುಪಿದ್ದು ಪುಸ್ತಕದಿಂದಲ್ಲ, ಒಬ್ಬ ಕೆಲಸಗಾರನ ಕೈಯಿಂದ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ. ‘ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು’ ಅನ್ನುವ ಗಾದೆಯನ್ನೇ ಸುಳ್ಳು ಮಾಡಿದವನು ಅವನು.

ಬ್ರಿಟನ್‌ನಲ್ಲೂ ಶ್ನಾಝ್ ಅಂತಾರಾ?

ಸಿನಿಮಾ ನೋಡಿ ಕಲಿತು ಅನ್ನುತ್ತಾರೆ. ಅವರದೇ ಸ್ವಂತ ಪದಗಳು ಬೇರೆ ಇವೆ: ಕಾಂಕ್, ಹೂಟರ್, ಬೀಕ್. ಬೀಕ್ ಅಂದರೆ ಕೊಕ್ಕು. ಹೂಟರ್ ಅಂದರೆ ಕಾರ್ಖಾನೆಯ ಸೈರನ್. ಯಾಕೆ ಅಂತ ಜೋರಾಗಿ ಮೂಗು ಸೀಟುವವರ ಪಕ್ಕ ಕೂತರೆ ತಿಳಿಯುತ್ತದೆ.

ಕಾಂಕ್‌ನ ಮೂಲ ಬಹುಶಃ ‘ಕಾಂಚ್’, ಅಂದರೆ ಶಂಖ. ಆ ಪದ ಇಂಗ್ಲಿಷ್‌ಗೆ ಗ್ರೀಕ್‌ನಿಂದ ಲ್ಯಾಟಿನ್ ಮೂಲಕ ಬಂತು. ನಮ್ಮ ‘ಶಂಖ’ವೂ ಆ ಗ್ರೀಕ್ ಪದವೂ ಒಂದೇ ಬುಡದವು. ಈ ಅಂದಾಜು ಸರಿ ಇದ್ದರೆ ಲಂಡನ್‌ನ ಪಡ್ಡೆ ಹುಡುಗ ಮೂಗಿಗೆ ಕಾಂಕ್ ಅನ್ನುವಾಗ ಶಂಖ ಅಂತಲೇ ಅನ್ನುತ್ತಿದ್ದಾನೆ.

ಬ್ರಿಟನ್‌ನ ಹೆಸರಾಂತ ಮೂಗು ಡ್ಯೂಕ್ ಆಫ್ ವೆಲಿಂಗ್ಟನ್‌ನದು. ಸೈನಿಕರು ಅವನನ್ನು ‘ಓಲ್ಡ್ ನೋಸಿ’ ಅನ್ನುತ್ತಿದ್ದರು. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸುವುದಕ್ಕೆ ಎಷ್ಟೋ ಮುಂಚೆ, ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ, 1799ರ ಶ್ರೀರಂಗಪಟ್ಟಣ ಮುತ್ತಿಗೆಯಲ್ಲಿ ಅವನಿದ್ದ. ಟಿಪ್ಪು ಸತ್ತ ಮೇಲೆ ಪಟ್ಟಣದ ಆಡಳಿತವೂ ಅವನ ಕೈಗೆ ಬಂತು. ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ. ಮುಂದಿನ ಸಲ ಅಲ್ಲಿಗೆ ಹೋದಾಗ ಆ ಕಂಬಗಳ ಮಧ್ಯೆ ಆ ಮೂಗು ಓಡಾಡಿದ್ದು ನೆನಪು ಮಾಡಿಕೊಳ್ಳಿ.

‘ನೋಸ್’ ಮತ್ತು ‘ನಾಸಿಕ’ ಒಂದೇ ಥರ ಕೇಳುತ್ತವೆ. ‘ಮೂಗು’ ಯಾಕೆ ಬೇರೆ?

ಇಂಗ್ಲಿಷ್‌ನ ನೋಸ್, ಜರ್ಮನ್‌ನ ನಾಸ, ಲ್ಯಾಟಿನ್‌ನ ನಾಸುಸ್, ಸಂಸ್ಕೃತದ ನಾಸಾ ಎಲ್ಲ ಒಂದೇ ಮನೆತನದವು. ನಶ್ಯವೂ ಅಲ್ಲಿಂದಲೇ. ಮೂಗು ನಮ್ಮ ದ್ರಾವಿಡ ಮನೆಯದು. ತಮಿಳು, ಮಲಯಾಳಂನಲ್ಲಿ ಮೂಕ್ಕು, ತೆಲುಗಿನಲ್ಲಿ ಮುಕ್ಕು, ತುಳುವಿನಲ್ಲಿ ಮೂಂಕು.

ಶ್ನಾಝ್‌ಗೆ ಸರಿಸಮವಾದ ಕನ್ನಡ ಪದ ಯಾವುದು?

ನನಗೆ ಜಾಸ್ತಿ ಕೆಲಸ ಕೊಟ್ಟಿರುವ ಪ್ರಶ್ನೆ ಇದು. ಮೊದಲು ನೆನಪಾಗುವುದು ‘ಮೂತಿ’. ಹುಟ್ಟಿನಲ್ಲಿ ಶ್ನಾಝ್‌ಗೂ ಅದಕ್ಕೂ ಹೋಲಿಕೆ ಇದೆ. ಎರಡೂ ಪ್ರಾಣಿಯ ಮುಖದಿಂದ ಮನುಷ್ಯನ ಮುಖಕ್ಕೆ ಬಂದವು. ನಾಯಿಯ ಮೂತಿ, ಹಂದಿಯ ಮೂತಿ, ಆಮೇಲೆ ‘ಯಾಕೆ ಮೂತಿ ಊದಿಸಿಕೊಂಡು ಕೂತಿದೀಯ’. ಆದರೆ ಮೂತಿಯಲ್ಲಿ ಮೂಗಿಗಿಂತ ಬಾಯಿ, ಕೆನ್ನೆ ಜಾಸ್ತಿ. ಕೋಪವೂ ಜಾಸ್ತಿ. ‘ಮುಸುಡಿ’ ಅಂದರೆ ಜಗಳಕ್ಕೇ ಕರೆದ ಹಾಗೆ. ಶ್ನಾಝ್‌ನ ನಗು ಇವೆರಡರಲ್ಲೂ ಇಲ್ಲ.

ಕನ್ನಡದ ತಮಾಷೆ ಬೇರೆ ಕಡೆ ಇದೆ. ನಾವು ಮೂಗಿಗೆ ಇನ್ನೊಂದು ಹೆಸರು ಹುಡುಕುವುದಿಲ್ಲ, ಮೂಗನ್ನೇ ಕುಣಿಸುತ್ತೇವೆ. ಬೇರೆಯವರ ವಿಷಯಕ್ಕೆ ಮೂಗು ತೂರಿಸುತ್ತೇವೆ. ಹಿಡಿಸದಿದ್ದರೆ ಮೂಗು ಮುರಿಯುತ್ತೇವೆ. ಕೋಪವನ್ನು ಮೂಗಿನ ತುದಿಯಲ್ಲಿ ಇಟ್ಟುಕೊಳ್ಳುತ್ತೇವೆ. ತಮ್ಮ ಮೂಗಿನ ನೇರಕ್ಕೆ ಮಾತಾಡುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಚುನಾವಣೆ ಬಂದರೆ ನಮ್ಮೆಲ್ಲರ ಮೂಗಿಗೂ ತುಪ್ಪ ಬೀಳುತ್ತದೆ. ಇಷ್ಟೆಲ್ಲ ಕೆಲಸ ಮಾಡುವ ಮೂಗಿಗೆ ಅಡ್ಡಹೆಸರು ಬೇಕೆನಿಸಿಲ್ಲ.

ಹಾಗಾಗಿ ಸಬ್‌ಟೈಟಲ್ ಬರೆಯುವಾಗ ನಾನು ಪದಕ್ಕೆ ಪದ ಇಡುವುದಿಲ್ಲ. ಒಬ್ಬ ಇನ್ನೊಬ್ಬನನ್ನು ನೋಡಿ ‘ವಾಟ್ ಎ ಶ್ನಾಝ್!’ ಅಂದರೆ ‘ಅದೇನು ಮೂಗೋ, ಸೊಂಡಿಲೋ!’ ಅಂತ ಬರೆಯುತ್ತೇನೆ. ತಮಾಷೆ ಇರುವುದು ಆ ಎರಡು ‘ಓ’ಗಳಲ್ಲಿ. ಗೆಳೆಯರ ಸಲಿಗೆಯಾದರೆ ‘ಮೂಗು ಒಳಗೆ ಬಂತು, ನೀನು ಯಾವಾಗ ಬರ್ತೀಯ?’ ಅನ್ನುವವರೆಗೂ ಹೋಗಬಹುದು. ಅಜ್ಜಿ ಮೊಮ್ಮಗುವಿನ ಮೂಗು ಹಿಂಡಿ ಹೇಳಿದ್ದಾದರೆ ‘ನನ್ನ ಗಿಣಿಮೂಗಿ’ ಸಾಕು. ಡುರಾಂಟೆಯ ಅಡ್ಡಹೆಸರಾಗಿ ಬಂದರೆ ಮಾತ್ರ ಮುಟ್ಟುವುದಿಲ್ಲ. ಶ್ನಾಝೋಲಾ ಶ್ನಾಝೋಲಾನೇ.

ಈಗಿನ ಹುಡುಗರೂ ಈ ಪದ ಬಳಸುತ್ತಾರಾ?

ಬಳಸುತ್ತಾರೆ, ಸ್ವಲ್ಪ ಹಳೆ ಕಾಲದ ವಾಸನೆ ಬಂದಿದೆ. ಇಂಟರ್‌ನೆಟ್‌ನಲ್ಲಿ ಈಗ ‘ಸ್ನೂಟ್’ ಜೋರಾಗಿ ಓಡುತ್ತಿದೆ. ನಾಯಿಮರಿಯ ಮೂಗನ್ನು ಬೆರಳಿನಿಂದ ಮೆಲ್ಲಗೆ ಒತ್ತುವ ವಿಡಿಯೋಗಳ ಕೃಪೆ. ಅದು ಸ್ನೌಟ್‌ನ ಸ್ಕಾಟ್ಲೆಂಡ್ ರೂಪ. ಮೂಗು ಮೇಲೆತ್ತಿಕೊಂಡು ಓಡಾಡುವ ಜಂಬದವರಿಗೆ ಹೇಳುವ ‘ಸ್ನೂಟಿ’ ಬಂದದ್ದೂ ಇದರಿಂದಲೇ.

ಆಫೀಸಿನಲ್ಲಿ ಅಮೆರಿಕದ ಸಹೋದ್ಯೋಗಿ ತನ್ನ ಮೂಗಿಗೆ ತಾನೇ ಶ್ನಾಝ್ ಅಂದ. ನಾನೇನು ಹೇಳಲಿ?

ನಗಿ. ಅವನ ಮೂಗಿನ ಬಗ್ಗೆ ನೀವು ಒಂದು ಮಾತೂ ಸೇರಿಸಬೇಡಿ. ಅವನು ಎಷ್ಟೇ ಸಲಿಗೆ ತೋರಿಸಿದರೂ ಸರಿ. ಏನಾದರೂ ಹೇಳಲೇಬೇಕು ಅನಿಸಿದರೆ ನಿಮ್ಮದೇ ಮೂಗಿನ ಸುದ್ದಿ ಹೇಳಿ. ‘ನಮ್ಮ ಮನೆಯಲ್ಲೂ ತಲೆಮಾರಿನಿಂದ ಇದೇ ಶ್ನಾಝ್’ ಅಂದರೆ ಅವನಿಗೆ ಖುಷಿಯಾಗುತ್ತದೆ. ಆಮೇಲೆ ಡುರಾಂಟೆ ಗೊತ್ತಾ ಅಂತ ಕೇಳಿ ನೋಡಿ. ಅವನ ಅಜ್ಜ ಅಜ್ಜಿಗಂತೂ ಖಂಡಿತ ಗೊತ್ತಿರುತ್ತದೆ.